ಯಂತ್ರದ ಮುಖ ನೋಡಿ ಕೊಟ್ಟ ಉಡುಗೊರೆ

ಬುರುಲ್ಕಾನ್ ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಬಂದಾಗ ಸರ್ವರ್ ಕೋಣೆಯಿಂದ ಹೊಗೆ ಬರುತ್ತಿತ್ತು. ಬೆಂಕಿ ಬಿತ್ತೆಂದು ಕೈಚೀಲವನ್ನು ಬಾಗಿಲಲ್ಲೇ ಎಸೆದು ಓಡಿದಳು. ಬೆಂಕಿಯಲ್ಲ. ಕಾರ್ಯದರ್ಶಿ ಅಸಿಲ್‌ಕಾನ್ ಹಳೆಯ ಬಾಣಲೆಯೊಂದರಲ್ಲಿ ಅರ್ಚಾ ಗಿಡದ ಒಣ ರೆಂಬೆಗಳನ್ನು ಹಚ್ಚಿಕೊಂಡು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ಯಂತ್ರದ ಸುತ್ತ ಹೊಗೆ ಹಿಡಿಯುತ್ತಿದ್ದಳು.

"ಏನೇ ಮಾಡ್ತಿದ್ದೀಯ?"

"ದೃಷ್ಟಿ ತೆಗೀತಿದ್ದೀನಿ, ಎಜೆ," ಅಸಿಲ್‌ಕಾನ್ ತನಗಿಂತ ಹಿರಿಯ ಹೆಂಗಸರನ್ನೆಲ್ಲ ಹಾಗೆ, ಅಕ್ಕ ಎಂದು, ಕರೆಯುವವಳು. "ಬಂದೋರೆಲ್ಲ ಇದನ್ನೇ ನೋಡಿ ಹೋಗ್ತಾರೆ. ಯಾರದೋ ಕಣ್ಣು ತಾಗಿದೆ. ಇಲ್ದಿದ್ರೆ ಹೊಸ ಯಂತ್ರ ಹಿಂಗ್ಯಾಕೆ ನಿಂತು ನಿಂತು ಹೋಗುತ್ತೆ?"

"ಒಳಗೆ ಆರು ಫ್ಯಾನ್ ತಿರುಗ್ತಿವೆ ಕಣೇ! ನಿನ್ನ ಹೊಗೆನೆಲ್ಲ ಒಳಕ್ಕೆ ಎಳ್ಕೊಳ್ತಾ ಇದೆ!"

"ಒಳಗೆ ಹೋಗ್ಲಿ ಅಂತಾನೇ ಅಲ್ವ ಹಾಕೋದು?"

ಬುರುಲ್ಕಾನ್ ಬಾಣಲೆಯನ್ನು ಕಿತ್ತುಕೊಂಡು ಅಂಗಳದ ಹಿಮದಲ್ಲಿ ಊರಿ ಬಂದಳು. ಬಂದು ಕೂತು ನೋಡಿದರೆ ಯಂತ್ರ ಮತ್ತೆ ನಿಂತಿತ್ತು. ಹೊಗೆಯಿಂದಲ್ಲ. ಹೊಗೆಗೆ ಮುಂಚೆ, ಆರು ಗಂಟೆ ಹನ್ನೆರಡು ನಿಮಿಷಕ್ಕೆ. ಐದು ವಾರದಲ್ಲಿ ಇದು ಹತ್ತನೆಯ ಸಲ.

ಬಿಷ್ಕೆಕ್‌ನ ಆ ಎರಡಂತಸ್ತಿನ ಕಟ್ಟಡದಲ್ಲಿ ಹನ್ನೊಂದು ಜನ ಮಾಡುತ್ತಿದ್ದದ್ದು ಒಂದೇ ಕೆಲಸ. ಕಾರಾ-ಬೆಲ್ ಕಣಿವೆಯ ದಾರಿಯ ಮೇಲೆ ಇಂದು ಯಾವ ಇಳಿಜಾರಿನಿಂದ ಹಿಮ ಕುಸಿದೀತು ಎಂದು ಪ್ರತಿದಿನ ಬೆಳಿಗ್ಗೆ ಏಳಕ್ಕೆ ರಸ್ತೆ ಇಲಾಖೆಗೆ ಒಂದು ಪುಟ ಕಳಿಸುವುದು. ಆ ಪುಟವನ್ನು ನೋಡಿಯೇ ಲಾರಿಗಳನ್ನು ಬಿಡುತ್ತಿದ್ದರು, ಇಲ್ಲವೇ ತಡೆಯುತ್ತಿದ್ದರು. ಲೆಕ್ಕ ಹಾಕುತ್ತಿದ್ದ ಪ್ರೋಗ್ರಾಂ ಬುರುಲ್ಕಾನ್ ಬರೆದದ್ದು. ಬರೆಯಲು ತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಪ್ರತಿ ಚಳಿಗಾಲ ಮುಗಿದ ಮೇಲೆ ತಿದ್ದುತ್ತಲೇ ಬಂದಿದ್ದಳು. ಅದರಲ್ಲಿ ಕಾರಾ-ಬೆಲ್‌ನ ನಲವತ್ತೊಂದು ಇಳಿಜಾರುಗಳಿಗೂ ಪ್ರತ್ಯೇಕ ಗುಣವಿತ್ತು. ಯಾವುದಕ್ಕೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಯಾವುದರ ಹುಲ್ಲು ಜಾರುತ್ತದೆ, ಯಾವುದು ಗಾಳಿ ಹೊತ್ತು ತಂದ ಹಿಮವನ್ನು ಹೊತ್ತುಕೊಂಡು ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಬಿಡುತ್ತದೆ, ಎಲ್ಲವೂ.

ಇವೆಲ್ಲ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಭೌತಶಾಸ್ತ್ರದ ಪದವಿ ಮುಗಿಸಿದ ವರ್ಷವೇ ಅವಳನ್ನು ಕಣಿವೆಯ ಹಿಮ ಠಾಣೆಗೆ ಹಾಕಿದ್ದರು. ಹನ್ನೊಂದು ಚಳಿಗಾಲ ಅಲ್ಲಿ ಹಿಮಕ್ಕೆ ಕೋಲು ಚುಚ್ಚಿ ಆಳ ಅಳೆದಳು, ಹಿಮವನ್ನು ಕೊಳವೆಯಲ್ಲಿ ತುಂಬಿ ತೂಗಿದಳು. ಮದುವೆಯಾದದ್ದೂ ಅಲ್ಲಿಯೇ, ಹಿಮ ತೆಗೆಯುವ ಯಂತ್ರದ ಚಾಲಕನನ್ನು. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಗೆ ಮಕ್ಕಳಾಗಿದ್ದರು. ಐವತ್ತಾರರ ಬುರುಲ್ಕಾನ್‌ಗೆ ಆ ನಲವತ್ತೊಂದು ಇಳಿಜಾರುಗಳ ಹೊರತು ತನ್ನದೆಂದು ಹೇಳಿಕೊಳ್ಳುವ ಕೆಲಸ ಬೇರೆ ಇರಲಿಲ್ಲ.

ಅದಕ್ಕೇ ಈಗ ಕುತ್ತು ಬಂದಿತ್ತು.

ನಿರ್ದೇಶಕ ಎಸೆನ್‌ಬೆಕ್ ಅವಳನ್ನು ಕೋಣೆಗೆ ಕರೆದು ಒಂದು ಕಾಗದವನ್ನು ಮುಂದೆ ತಳ್ಳಿದ. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸದೆ ಎಲ್ಲರ ಕೆಲಸವನ್ನೂ ಕೆಡಿಸಬಲ್ಲವನು.

"ರಸ್ತೆ ಇಲಾಖೆಯೋರು ಕೂಗಾಡ್ತಿದ್ದಾರೆ, ಬುರುಲ್ಕಾನ್ ಎಜೆ. ಹತ್ತು ದಿನ ಪುಟ ತಡವಾಗಿ ಹೋಯ್ತು. ಕಾರಣ ಬರೆದು ಕೊಡಿ ಅಂತಾರೆ. ಬರೆದಿದ್ದೀನಿ. ನೀವೊಂದು ಸಹಿ ಹಾಕಿದ್ರೆ..."

ಬುರುಲ್ಕಾನ್ ಓದಿದಳು. ಪ್ರೋಗ್ರಾಂ ಹಳೆಯದಾಗಿರುವುದರಿಂದ ಹೊಸ ಯಂತ್ರಕ್ಕೆ ಹೊಂದುತ್ತಿಲ್ಲ; ಏಪ್ರಿಲ್ ಒಂದರಿಂದ ಅದನ್ನು ಕೈಬಿಟ್ಟು ಹೊರಗಿನ ಸಿದ್ಧ ಪ್ರೋಗ್ರಾಂ ಬಳಸಲಾಗುವುದು.

"ಆ ಸಿದ್ಧ ಪ್ರೋಗ್ರಾಂ ಇಡೀ ಕಾರಾ-ಬೆಲ್ ಒಂದೇ ಇಳಿಜಾರು ಅಂದ್ಕೊಳ್ಳುತ್ತೆ. ಗೊತ್ತಾ ನಿಮಗೆ?"

"ಆದ್ರೆ ನಿಂತು ಹೋಗಲ್ವಲ್ಲ."

"ನನ್ನದೂ ಹಳೇ ಯಂತ್ರದಲ್ಲಿ ಒಂಬತ್ತು ವರ್ಷ ನಿಲ್ಲಲಿಲ್ಲ."

"ಅದನ್ನೇ ನಾನು ಹೇಳೋದು, ಹಳೇದಕ್ಕೆ ಹಳೇದು ಹೊಂದುತ್ತೆ," ಎಂದ ಎಸೆನ್‌ಬೆಕ್ ಮೃದುವಾಗಿ. "ಶುಕ್ರವಾರದ ಒಳಗೆ ಸಹಿ ಹಾಕಿ ಕೊಡಿ. ನಿಮ್ಮ ಮೇಲೆ ಯಾರಿಗೂ ಕೋಪ ಇಲ್ಲ."

ಕೋಪವಿಲ್ಲ ಎಂಬ ಮಾತೇ ಅವಳ ಮೈ ಉರಿಸಿತು. ಹೊರಗೆ ಬಂದರೆ ಬಾಗಿಲ ಕಾವಲಿನವನು ವಿದ್ಯುತ್ತಿನ ದೋಷ ಎಂದ. ಅಡುಗೆಯವಳು ಕೋಣೆಯ ಬಾಗಿಲು ಉತ್ತರಕ್ಕಿದೆ ಎಂದಳು. ಯಂತ್ರಗಳ ಎಂಜಿನಿಯರ್ ತಿಂಚ್ತಿಕ್, ಮೂವತ್ತೆಂಟರ ಸ್ಥೂಲಕಾಯದ ಮನುಷ್ಯ, "ಪ್ರೋಗ್ರಾಂ ಇರಬೇಕು ಎಜೆ," ಎಂದ, ಅವಳ ಕಣ್ಣು ತಪ್ಪಿಸುತ್ತ.

ಅವಳು ತನ್ನ ಕುರ್ಚಿಯಲ್ಲಿ ಕೂತು, ಹಿಮ ತೂಗುತ್ತಿದ್ದ ಕಾಲದಿಂದ ಬಂದ ಅಭ್ಯಾಸದಂತೆ ನೋಟ್‌ಬುಕ್ಕಿನ ಹೊಸ ಹಾಳೆಗೆ ಗೆರೆ ಎಳೆದಳು. ಒಂದೇ ದಿನದ, ಮಾರ್ಚ್ ಮೂರರ, ಅಳತೆಗಳನ್ನು ತೆಗೆದುಕೊಂಡು ಅದೇ ಲೆಕ್ಕವನ್ನು ಹತ್ತು ಸಲ ಓಡಿಸಿದಳು. ಒಂದು ಸಲಕ್ಕೆ ಇಪ್ಪತ್ತೈದು ನಿಮಿಷ. ಮಧ್ಯಾಹ್ನ ಮೂರಕ್ಕೆ ಹಾಳೆ ತುಂಬಿತು.

ಏಳು ಸಲ ಉತ್ತರ ಒಂದೇ ಬಂದಿತ್ತು. ಎರಡು ಸಲ ಯಂತ್ರ ನಡುವೆಯೇ ನಿಂತಿತ್ತು. ಉಳಿದ ಒಂದು ಸಲ ಯಂತ್ರ ನಿಲ್ಲಲಿಲ್ಲ, ತಕರಾರು ತೆಗೆಯಲಿಲ್ಲ, ಸುಸೂತ್ರವಾಗಿ ಕೊನೆಯವರೆಗೆ ಓಡಿ ಬೇರೆಯೇ ಉತ್ತರ ಕೊಟ್ಟಿತ್ತು. ಹದಿನೇಳನೆಯ ಇಳಿಜಾರು, ಕಿಝಿಲ್-ಜಾರ್, ಏಳು ಸಲ 'ಅಪಾಯ'. ಆ ಒಂದು ಸಲ 'ಸುರಕ್ಷಿತ'.

ಬುರುಲ್ಕಾನ್ ಆ ಸಾಲಿನ ಮೇಲೆ ಬೆರಳಿಟ್ಟಳು. ಕಿಝಿಲ್-ಜಾರ್‌ನ ಕೆಳಗೆ ದಾರಿ ತಿರುಗುತ್ತದೆ. ಅಲ್ಲಿ ಲಾರಿಗಳು ಸಾಲುಗಟ್ಟಿ ಚಕ್ರಕ್ಕೆ ಸರಪಳಿ ಕಟ್ಟಲು ನಿಲ್ಲುತ್ತವೆ. ನಿಂತು ಹೋದ ಯಂತ್ರ ಹತ್ತು ಜನರಿಗೆ ಗೊತ್ತಾಗುತ್ತದೆ. ಈ ಬಗೆಯ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಒಂದು ವಿಷಯ ಸ್ಪಷ್ಟವಾಗಿತ್ತು. ಪ್ರೋಗ್ರಾಂ ತಪ್ಪಾಗಿದ್ದರೆ ಹತ್ತು ಸಲವೂ ಅದೇ ತಪ್ಪನ್ನು ಮಾಡಬೇಕು. ಅದೇ ಅಳತೆ, ಅದೇ ಲೆಕ್ಕ, ಬೇರೆ ಉತ್ತರ ಎಂದರೆ ಕೆಟ್ಟಿರುವುದು ಲೆಕ್ಕವಲ್ಲ, ಲೆಕ್ಕವನ್ನು ನೆನಪಿಟ್ಟುಕೊಳ್ಳುವ ಜಾಗ.

ಜಾಗದ ಕಥೆ ಅವಳಿಗೆ ಗೊತ್ತಿತ್ತು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಜನವರಿಯಲ್ಲಿ ಬಂದ ಸರ್ವರನ್ನು ಬಜಾರಿನಲ್ಲಿ ಕಟ್ಟಿಸಿದ್ದರು. ಬೋರ್ಡ್ ಹೊಸದು, ಪ್ರೊಸೆಸರ್ ಮತ್ತು ಎಂಟು ಮೆಮೊರಿ ಪಟ್ಟಿಗಳು ಯಾವುದೋ ದೊಡ್ಡ ದೇಶದ ದೊಡ್ಡ ಸರ್ವರ್ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದು ಬಂದವು. ಹಸಿರು ಬಣ್ಣ, ಕಿತ್ತ ಚೀಟಿ. ಕಿರ್ಗಿಜರ ಮನೆಗೆ ಹೊಸ ಸೊಸೆ ಬರಲಿ, ಕೂಸು ಹುಟ್ಟಲಿ, ಮೊದಲ ಸಲ ಮುಖ ನೋಡುವವರು ಬರಿಗೈಯಲ್ಲಿ ನೋಡುವಂತಿಲ್ಲ, ಕೊರುಮ್‌ದುಕ್ ಎಂಬ ಉಡುಗೊರೆ ಕೊಡಬೇಕು. ಹೊಸ ಯಂತ್ರವೂ ಹೊಸದೇ ತಾನೆ? ರಸ್ತೆ ಇಲಾಖೆಯವರು ಗೋಡೆ ಗಡಿಯಾರ ತಂದರು. ಪಕ್ಕದ ಕಚೇರಿಯವರು ಕೇಕು ತಂದರು. ಲಾರಿ ಚಾಲಕರ ಸಂಘದ ಮುಖ್ಯಸ್ಥ ಕೆಲ್ದಿಬಾಯ್, ಎಪ್ಪತ್ತಮೂರರ ಬಿಳಿಗಡ್ಡದ ಹಿರಿಯ, ಅಕ್ಸಕಾಲ ಎಂದೇ ಎಲ್ಲರೂ ಗೌರವದಿಂದ ಕರೆಯುವವರು, ಬಿಳಿ ಬಟ್ಟೆ ಸುತ್ತಿದ ಡಬ್ಬಿ ತಂದರು. ಒಳಗೆ ಎಂಟು ಹೊಸ ಮೆಮೊರಿ ಪಟ್ಟಿಗಳು. ಕೆಂಪು ಕವಚ, ನೆತ್ತಿಯ ಮೇಲೆ ಬಣ್ಣ ಬದಲಿಸುವ ದೀಪ. ಆಟದ ಕಂಪ್ಯೂಟರಿಗೆ ಹಾಕುವಂಥವು. ಅಂಗಡಿಯವನನ್ನು ಅವರು ಕೇಳಿದ್ದು ಒಂದೇ ಮಾತು: ಎಲ್ಲಕ್ಕಿಂತ ಒಳ್ಳೇದು ಯಾವುದು?

ಎರಡು ಜಾತಿಯ ಪಟ್ಟಿಗಳನ್ನು ಬೆರೆಸಿದರೆ ಯಂತ್ರ ಏಳುವುದೇ ಇಲ್ಲ. ಆದ್ದರಿಂದ ತಿಂಚ್ತಿಕ್ ಹಳೆಯ ಎಂಟನ್ನೂ ಕಿತ್ತು ಚಹಾದ ಡಬ್ಬಿಯಲ್ಲಿ ಹಾಕಿಟ್ಟು, ಹೊಸ ಎಂಟನ್ನೂ ಕೂರಿಸಿ, ಉಡುಗೊರೆಯ ಡಬ್ಬಿಯ ಮೇಲೆ ಬರೆದಿದ್ದ ವೇಗವನ್ನೇ ಇಟ್ಟಿದ್ದ. ಅಕ್ಸಕಾಲರಿಗೆ ಕಾಣಲೆಂದು ಯಂತ್ರದ ತಗಡಿನ ಬಾಗಿಲು ತೆಗೆದು ಗಾಜಿನದನ್ನು ಹಾಕಿಸಿದ್ದರು. ಅಂದಿನಿಂದ ಪ್ರತಿ ಗುರುವಾರ ಅವರು ಬಂದು, ಕುರ್ಚಿ ಎಳೆದುಕೊಂಡು, ಚಹಾ ಕುಡಿಯುತ್ತ ತಮ್ಮ ಉಡುಗೊರೆ ಹೊಳೆಯುವುದನ್ನು ನೋಡಿ ಹೋಗುತ್ತಿದ್ದರು. ಬುರುಲ್ಕಾನ್‌ಗೆ ಆ ದಿನವೇ ಏನೋ ಸರಿಯಿಲ್ಲ ಅನ್ನಿಸಿತ್ತು. ಕೇಕು ತಿಂದು ಸುಮ್ಮನಾಗಿದ್ದಳು.

ಈಗ ಅವಳು ತಿಂಚ್ತಿಕ್‌ನ ಮೇಜಿನ ಮುಂದೆ ನಿಂತಳು.

"ಚಹಾ ಡಬ್ಬಿ ಎಲ್ಲಿ?"

"ಚಹಾ ಬೇಕಿತ್ತಾ, ಎಜೆ?"

"ತಿಂಚ್ತಿಕ್, ನನ್ನ ತಲೆ ತಿನ್ಬೇಡ."

ಅವನು ಖಾನೆ ಎಳೆದು ಡಬ್ಬಿ ಕೊಟ್ಟ. ಅವಳು ಒಂದು ಹಸಿರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹದಿನೆಂಟು ಕಪ್ಪು ಚಿಪ್ಪುಗಳು. ನಟ್ಟ ನಡುವೆ ಬೇರೆ ಆಕಾರದ ಪುಟ್ಟದೊಂದು.

"ಇದೇನಿದು?"

"ಅದೇ ರಿಜಿಸ್ಟರ್ ಅನ್ನೋದು. ಅದಿರೋದಕ್ಕೇ ಇವನ್ನ ರಿಜಿಸ್ಟರ್ಡ್ ಮೆಮೊರಿ ಅನ್ನೋದು. ಪ್ರೊಸೆಸರ್ ಕೊಡೋ ಅಪ್ಪಣೆನ ಅದು ಮೊದಲು ತಾನು ತಗೊಂಡು, ಆಮೇಲೆ ಪಟ್ಟಿಯ ಚಿಪ್ಪುಗಳಿಗೆಲ್ಲ ಹೇಳುತ್ತೆ. ಒಂದು ಬಡಿತ ತಡ ಆಗುತ್ತೆ ಅದರಿಂದ. ಅಕ್ಸಕಾಲ ಕೊಟ್ಟಿದ್ದರಲ್ಲಿ ಅದಿಲ್ಲ. ನೇರ. ವೇಗ ಜಾಸ್ತಿ."

"ನೇರ ಅಂದ್ರೆ ಎಷ್ಟು ಚಿಪ್ಪಿಗೆ?"

ತಿಂಚ್ತಿಕ್ ಬೆರಳು ಮಡಿಚಿದ. "ಪ್ರೊಸೆಸರಿನಿಂದ ನಾಲ್ಕು ದಾರಿ. ಒಂದೊಂದು ದಾರಿಗೆ ಎರಡೆರಡು ಪಟ್ಟಿ. ಪಟ್ಟಿಗೆ ಹದಿನಾರು. ಒಂದೇ ತಂತಿ ಮೇಲೆ... ಮೂವತ್ತೆರಡು."

"ಹಳೇದರಲ್ಲಿ?"

"ಎರಡು. ಎರಡು ರಿಜಿಸ್ಟರು, ಅಷ್ಟೇ," ಎಂದ. ಆಮೇಲೆ, ತನ್ನ ಮಾತು ತನಗೇ ಕೇಳಿಸಿದವನಂತೆ, ಮಡಿಚಿದ್ದ ಬೆರಳುಗಳನ್ನು ನೋಡಿಕೊಂಡ.

ಬುರುಲ್ಕಾನ್‌ಗೆ ಕಣಿವೆಯ ಠಾಣೆಯ ಅಸಾನಾಲಿ ನೆನಪಾದ. ಕೆಳಗಿನ ಕೇಂದ್ರದಿಂದ ಒಂದು ಟೆಲಿಫೋನ್ ತಂತಿ ಮೇಲೆ ಬರುತ್ತಿತ್ತು; ಒಂಬತ್ತು ಅಳತೆ ಗುಡಿಸಲುಗಳು ಅದೇ ತಂತಿಗೆ ಜೋತುಬಿದ್ದಿದ್ದವು. ಒಂದು ಫೋನಿಗಾದರೆ ದನಿ ಗಟ್ಟಿಯಾಗಿ ಬರುತ್ತಿತ್ತು; ಒಂಬತ್ತೂ ಹಂಚಿಕೊಂಡರೆ ಒಂದೊಂದಕ್ಕೂ ಪಿಸುಮಾತು. ಗಾಳಿಯ ದಿನ ಆರನೆಯ ಗುಡಿಸಲಿಗೆ ಅಪ್ಪಣೆ ಮುಟ್ಟುತ್ತಲೇ ಇರಲಿಲ್ಲ. ಆಮೇಲೆ ತಂತಿಯ ನಡುವೆ ಅಸಾನಾಲಿಯನ್ನು ಕೂರಿಸಿದರು. ಕೇಂದ್ರ ಮಾತಾಡುವುದು ಅವನೊಬ್ಬನಿಗೆ. ಅವನು ಕೇಳಿಸಿಕೊಂಡು, ಬರೆದುಕೊಂಡು, ಒಂದು ಉಸಿರು ಬಿಟ್ಟು, ತನ್ನ ಗಟ್ಟಿ ದನಿಯಲ್ಲಿ ಒಂಬತ್ತಕ್ಕೂ ಹೇಳುತ್ತಿದ್ದ. ಅಪ್ಪಣೆಗೆ ಮಾತ್ರ ಅವನು. ಅಳತೆಗಳನ್ನು ಗುಡಿಸಲುಗಳು ಬೇರೆ ತಂತಿಗಳಲ್ಲಿ ನೇರವಾಗಿ ಕಳಿಸುತ್ತಿದ್ದವು. ಆ ಒಂದು ಉಸಿರಿನ ತಡಕ್ಕೆ ಹುಡುಗಿಯರೆಲ್ಲ ಅವನನ್ನು ಹಾಸ್ಯ ಮಾಡುತ್ತಿದ್ದರು, ಬುರುಲ್ಕಾನ್ ಕೂಡ. ಅವನು ಜ್ವರ ಬಂದು ಮಲಗಿದ ವಾರ ಮಾತ್ರ ಯಾರೂ ನಗಲಿಲ್ಲ.

"ಹೊಸದರಲ್ಲಿ ಹದಿನಾರು, ಹಳೇದರಲ್ಲಿ ಹದಿನೆಂಟು. ಇನ್ನೆರಡು ಚಿಪ್ಪು ಯಾಕೆ?" ಕೇಳಿದಳು.

"ಅದು ಬೇರೆ ಕೆಲಸ. ತಾಳೆ ನೋಡೋಕೆ. ಒಂದು ಅಂಕಿ ತಿರುವುಮುರುವಾದ್ರೆ ಅಲ್ಲೇ ತಿದ್ದುತ್ತೆ. ಅದೂ ಹೊಸದರಲ್ಲಿ ಇಲ್ಲ."

"ಅಂದ್ರೆ ಅಪ್ಪಣೆ ಸರಿಯಾಗಿ ಮುಟ್ಟೋದೂ ಇಲ್ಲ, ಮುಟ್ಟದೇ ಇದ್ದದ್ದು ಗೊತ್ತಾಗೋದೂ ಇಲ್ಲ. ಇದು ನಿನಗೆ ಜನವರಿಯಿಂದ ಗೊತ್ತು."

"ಎಜೆ, ಅಕ್ಸಕಾಲ ನಿರ್ದೇಶಕರ ಹೆಂಡತಿಗೆ ಚಿಕ್ಕಪ್ಪ. ಅವರು ಕೊಟ್ಟಿದ್ದನ್ನ ಡಬ್ಬಿಲಿಟ್ಟು, ಚೀಟಿ ಕಿತ್ತುಹೋದ ಈ ಹಳೇದನ್ನ ಹಾಕು ಅಂತ ನಾನು ಹೇಳೋದಾ? ನೀವಾದ್ರೂ ಹೇಳ್ತಿದ್ರಾ?"

ಅವಳು ಪಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಎಸೆನ್‌ಬೆಕ್‌ನ ಬಳಿ ಹೋದರೆ ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಕಿತ್ತುಹಾಕ್ಬೇಡಿ. ಗುರುವಾರ ಅವರು ಬರ್ತಾರೆ. ಕೊರುಮ್‌ದುಕ್ ಎಜೆ ಇದು! ನಾಲ್ಕು ಅವರದ್ದು, ನಾಲ್ಕು ಹಳೇದು ಹಾಕಿದ್ರೆ?"

"ಏಳೋದೇ ಇಲ್ಲ."

"ಗುರುವಾರ ಅವರದ್ದು, ಉಳಿದ ದಿನ ಹಳೇದು?"

"ಗುರುವಾರ ಹಿಮ ಕುಸಿಯಲ್ವಾ?"

"ನೀವು ಹೀಗೆ ಮಾತಾಡಿದ್ರೆ ನಾನೇನು ಮಾಡ್ಲಿ," ಎಂದ ನಿರ್ದೇಶಕ. ಮೇಜಿನ ಮೇಲೆ ಸಹಿಯ ಕಾಗದ ಹಾಗೇ ಇತ್ತು. ಅದರ ಪಕ್ಕದಲ್ಲಿ ಪೆನ್ನೂ ಇತ್ತು.

ಬುಧವಾರ ಬೆಳಿಗ್ಗೆ ಪುಟ ಹೋದ ಮೇಲೆ ಅವಳು ಯಾರನ್ನೂ ಕೇಳದೆ ತಿಂಚ್ತಿಕ್‌ನನ್ನು ಕರೆದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಒಮ್ಮೆಗೇ ಎಲ್ಲ ಬದಲಿಸಲಿಲ್ಲ. ಒಂದೇ ಸಲ ಎಲ್ಲ ಬದಲಿಸಿದರೆ ಏನೂ ಗೊತ್ತಾಗುವುದಿಲ್ಲ. ಮೊದಲು ಕೆಂಪು ಪಟ್ಟಿಗಳಲ್ಲಿ ನಾಲ್ಕನ್ನು ತೆಗೆಸಿದಳು, ದಾರಿಗೊಂದರಂತೆ ಉಳಿಯಲಿ ಎಂದು. ಮೆಮೊರಿ ಅರ್ಧವಾದ್ದರಿಂದ ಲೆಕ್ಕ ನಿಧಾನವಾಯಿತು, ಆದರೆ ನಾಲ್ಕು ಸಲ ಓಡಿಸಿದರೂ ನಿಲ್ಲಲಿಲ್ಲ, ನಾಲ್ಕು ಸಲವೂ ಉತ್ತರ ಒಂದೇ. ಮತ್ತೆ ಎಂಟನ್ನೂ ಹಾಕಿಸಿದಳು. ಮೂರನೆಯ ಓಟಕ್ಕೆ ಯಂತ್ರ ನಿಂತಿತು. ಯಂತ್ರ ಕೆಟ್ಟು ನಿಂತದ್ದಕ್ಕೆ ಅವಳು ಸಂತೋಷಪಟ್ಟದ್ದು ಅದೊಂದೇ ಸಲ.

ಕೊನೆಗೆ ಹಸಿರು ಪಟ್ಟಿಗಳು. ಸಂಜೆ ಐದಕ್ಕೆ ಎಣಿಕೆ ಆರಾಯಿತು. ಆರಕ್ಕೆ ಆರೂ ಒಂದೇ. ಯಂತ್ರವನ್ನು ಹಾಗೇ ಓಡಲು ಬಿಟ್ಟು ಮನೆಗೆ ಹೋದಳು. ಬೆಳಿಗ್ಗೆ ಆರೂವರೆಗೇ ಬಂದು ನೋಡಿದಾಗ ಮೂವತ್ತೆಂಟು. ಕಿಝಿಲ್-ಜಾರ್ ಮೂವತ್ತೆಂಟು ಸಲವೂ 'ಅಪಾಯ'. ಏಳಕ್ಕೆ ಸರಿಯಾಗಿ ಪುಟ ಹೋಯಿತು.

ಹನ್ನೊಂದಕ್ಕೆ ಅಕ್ಸಕಾಲ ಬಂದರು. ಎತ್ತರದ ಬಿಳಿ ಟೋಪಿ ತೆಗೆಯದೆ ಕುರ್ಚಿ ಎಳೆದುಕೊಂಡರು. ಅಸಿಲ್‌ಕಾನ್ ಚಹಾ ತಂದಳು. ಗಾಜಿನ ಹಿಂದೆ ಕತ್ತಲೆ. ಎಸೆನ್‌ಬೆಕ್ ಬಾಗಿಲಲ್ಲಿ ನಿಂತು ಗೋಡೆಯ ಕಡೆ ನೋಡುತ್ತಿದ್ದ. ತಿಂಚ್ತಿಕ್ ಇರಬೇಕಾದ ಜಾಗದಲ್ಲೆಲ್ಲೂ ಇರಲಿಲ್ಲ.

"ದೀಪ ಯಾಕಿಲ್ಲ? ಕೆಟ್ಟೋಯ್ತಾ?"

"ದೀಪ ಚೆನ್ನಾಗಿದೆ, ಅಕ್ಸಕಾಲ," ಎಂದಳು ಬುರುಲ್ಕಾನ್. "ನಾನೇ ತೆಗ್ದೆ." ಎರಡು ಹಾಳೆಗಳನ್ನು ಅವರ ಮೊಣಕಾಲ ಮೇಲಿಟ್ಟಳು. "ಇದು ನಿಮ್ಮ ಪಟ್ಟಿ ಹಾಕಿದಾಗಿನದು. ಇದು ಹಳೇದು ಹಾಕಿದಾಗಿನದು. ಹದಿನೇಳನೇ ಸಾಲು ನೋಡಿ."

ಮುದುಕರು ಕನ್ನಡಕ ಹಾಕಿಕೊಂಡು ಓದಿದರು. ಕಿಝಿಲ್-ಜಾರ್ ಅವರಿಗೆ ಗೊತ್ತಿಲ್ಲದ ಹೆಸರಲ್ಲ. ನಲವತ್ತು ವರ್ಷ ಅದರ ಕೆಳಗೆ ಸರಪಳಿ ಕಟ್ಟಿದವರು ಅವರು.

"ಇದು ಸುರಕ್ಷಿತ ಅಂದಿದ್ದು ಎಷ್ಟು ಸಲ?"

"ನಾನು ನೋಡಿದ್ದು ಒಂದು ಸಲ. ನೋಡದೇ ಇದ್ದದ್ದು ಗೊತ್ತಿಲ್ಲ."

ಅಕ್ಸಕಾಲ ಹಾಳೆಯನ್ನು ನಾಲ್ಕಾಗಿ ಮಡಿಚಿದರು. ಮುಖ ಕೆಂಪಾಯಿತು. ಬೈಗುಳ ಬಂತು, ಆದರೆ ಅವಳು ಕಾದಿದ್ದ ಕಡೆಯಿಂದಲ್ಲ.

"ನಾನೊಬ್ಬ ಲಾರಿ ಓಡಿಸಿದೋನು. ಅಂಗಡಿಯೋನು ಕೊಟ್ಟಿದ್ದು ತಂದೆ. ನಿಮ್ಮಲ್ಲಿ ಓದಿದೋರು ಹನ್ನೊಂದು ಜನ ಇದ್ದೀರಲ್ಲ! ನಾನು ಕುದುರೆ ಲಾಳ ತಂದು ಕೊಟ್ಟಿದ್ರೆ ಲಾರಿ ಚಕ್ರಕ್ಕೆ ಹೊಡೀತಿದ್ರಾ?"

"ನೀವು ಕೊಟ್ಟಿದ್ರೆ ಈ ಕಚೇರಿಲಿ ಹೊಡೀತಿದ್ರು, ಅಕ್ಸಕಾಲ."

ಬಾಗಿಲಲ್ಲಿ ಎಸೆನ್‌ಬೆಕ್ ಕೆಮ್ಮಿದ. ಮುದುಕರು ಅವನ ಕಡೆ ತಿರುಗಿದರು. "ಏನೋ ಅಳಿಯ? ನನ್ನ ಹುಡುಗರು ಹಿಮದ ಕೆಳಗೆ ಹೋಗ್ಲಿ, ಚಿಕ್ಕಪ್ಪನ ಮುಖ ಉಳೀಲಿ ಅಂತಲಾ?" ಆಮೇಲೆ ಮತ್ತೆ ಬುರುಲ್ಕಾನ್ ಕಡೆಗೆ, ದನಿ ತಗ್ಗಿಸಿ: "ಮತ್ತೆ ನೀನು, ಮಗಳೇ? ನೀನು ಅಲ್ಲಿ ಹನ್ನೊಂದು ವರ್ಷ ಇದ್ದೋಳು. ನೀನು ಯಾಕೆ ಅವತ್ತೇ ಹೇಳ್ಲಿಲ್ಲ?"

ಐದು ವಾರ ಎಲ್ಲರ ಮೇಲೂ ಉರಿದಿದ್ದ ಅವಳಿಗೆ ಆ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳಬಹುದೆಂದು ಹೊಳೆದಿರಲಿಲ್ಲ. "ಕೇಕು ಕೊಟ್ರು," ಎಂದಳು. "ತಿಂದೆ."

ಮುದುಕರು ಚಹಾದ ಬಟ್ಟಲನ್ನು ಖಾಲಿ ಮಾಡಿ ಎದ್ದರು.

ಶುಕ್ರವಾರ ಅವಳು ನಿರ್ದೇಶಕನ ಕಾಗದಕ್ಕೆ ಸಹಿ ಹಾಕಿದಳು. ಅದಕ್ಕೆ ಮೊದಲು 'ಪ್ರೋಗ್ರಾಂ ಹಳೆಯದಾಗಿರುವುದರಿಂದ' ಎಂಬಲ್ಲಿಂದ ಕೊನೆಯವರೆಗೆ ಗೆರೆ ಎಳೆದು, ಮೇಲೆ ತನ್ನ ಸಣ್ಣ ನೇರ ಅಕ್ಷರದಲ್ಲಿ ಬರೆದಳು: 'ಜನವರಿಯಲ್ಲಿ ರಿಜಿಸ್ಟರ್ಡ್ ಮೆಮೊರಿ ತೆಗೆದು ಸಾಧಾರಣ ಮೆಮೊರಿ ಹಾಕಲಾಯಿತು. ಅದು ಸರಿಯಲ್ಲವೆಂದು ನಮ್ಮಲ್ಲಿ ಮೂವರಿಗೆ ಅನ್ನಿಸಿತ್ತು. ಮೂವರೂ ಹೇಳಲಿಲ್ಲ. ಈಗ ಸರಿಪಡಿಸಿದೆ.'

ಎಸೆನ್‌ಬೆಕ್ ಓದಿ ನಿಟ್ಟುಸಿರು ಬಿಟ್ಟ. "ಮೂವರಾ? ಮೂರನೆಯೋರು ಯಾರು?"

"ಕಾಗದ ಯಾರ ಕೈಲಿದೆ?"

"ಹೀಗಿದ್ರೆ ಇದನ್ನ ಕಳಿಸೋದು ಹೇಗೆ, ಎಜೆ?"

"ಕಳಿಸದೇ ಇದ್ರೂ ಸರಿ. ಪುಟ ಹೊತ್ತಿಗೆ ಹೋಗ್ತಾ ಇದ್ರೆ ಕಾರಣ ಯಾರೂ ಕೇಳಲ್ಲ."

ಅವನು ಕಾಗದವನ್ನು ಖಾನೆಯೊಳಗೆ ಹಾಕಿದ. ಅಲ್ಲಿಂದ ಅದು ಹೊರಗೆ ಬರಲಿಲ್ಲ. ಏಪ್ರಿಲ್ ಒಂದು ಬಂತು, ಹೋಯಿತು. ನಲವತ್ತೊಂದು ಸಾಲಿನ ಪುಟ ಪ್ರತಿ ಬೆಳಿಗ್ಗೆ ಏಳಕ್ಕೆ ಹೋಗುತ್ತಲೇ ಇತ್ತು. ಕೊಟ್ಟ ಉಡುಗೊರೆಯನ್ನು ಹಿಂದಕ್ಕೆ ಕೊಡುವಂತಿಲ್ಲವಾದ್ದರಿಂದ ತಿಂಚ್ತಿಕ್ ಎರಡು ಕೆಂಪು ಪಟ್ಟಿಗಳನ್ನು ಅಸಿಲ್‌ಕಾನ್‌ಳ ಮೇಜಿನ ಕಂಪ್ಯೂಟರಿಗೆ ಹಾಕಿದ. ಅವು ಹುಟ್ಟಿದ್ದೇ ಅಂಥ ಜಾಗಕ್ಕೆ. ಒಂದು ದಿನವೂ ತೊಂದರೆ ಕೊಡಲಿಲ್ಲ. ಗಾಜಿನ ಬಾಗಿಲೂ ಅಲ್ಲಿಗೇ ಹೋಯಿತು. ಅಕ್ಸಕಾಲ ಗುರುವಾರಗಳಂದು ಅಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕಾಲ ಬುಡದಲ್ಲಿ ಬಣ್ಣ ಬಣ್ಣದ ಬೆಳಕು ಬಿದ್ದು ತಲೆನೋವು ಬರುತ್ತದೆಂದು ಅಸಿಲ್‌ಕಾನ್ ದೂರುತ್ತಿದ್ದಳು.

ಬುರುಲ್ಕಾನ್ ಸರ್ವರ್ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದಳು: 'ಯಂತ್ರವನ್ನು ನೋಡಬಹುದು. ಉಡುಗೊರೆ ತಿನ್ನುವಂಥದ್ದೇ ಇರಲಿ.'

ಮೇ ತಿಂಗಳಲ್ಲಿ ಕಣಿವೆಯ ಹಿಮ ಕರಗಿ, ಅವಳು ಆ ವರ್ಷದ ತಿದ್ದುಪಡಿಗೆ ಕೂರಬೇಕೆಂದು ಬಂದ ದಿನ, ಸರ್ವರಿನ ಒಳಗಿನ ಉಷ್ಣತೆ ಹನ್ನೊಂದು ಡಿಗ್ರಿ ಏರಿತ್ತು. ಕೋಣೆಗೆ ಹೋಗಿ ನೋಡಿದಳು. ಯಾರೋ ಚೀಟಿ ಓದಿ, ಅತ್-ಬಾಶಿ ಸೀಮೆಯ ಬಿಳಿ ಜೇನಿನ ಐದು ಕಿಲೋ ಜಾಡಿ ತಂದಿದ್ದರು. ಗಟ್ಟಿಯಾದ ಜೇನು ಬಿಸಿಗೆ ಸ್ವಲ್ಪ ಕರಗಲಿ ಎಂದು ಅದನ್ನು ಯಂತ್ರದ ನೆತ್ತಿಯ ಮೇಲೆ, ಬಿಸಿ ಗಾಳಿ ಹೊರಬೀಳುವ ಕಂಡಿಗೆ ಸರಿಯಾಗಿ, ಇಟ್ಟು ಹೋಗಿದ್ದರು.

"ಅಸಿಲ್‌ಕಾನ್!" ಎಂದು ಅವಳು ಕೂಗಿದ್ದು ಎರಡಂತಸ್ತಿಗೂ ಕೇಳಿಸಿತು.